ಕಾವಲು ಕೋಳಿಯ ಡಾಕ್ಟ್ರಮ್ಮ

ಡಾಕ್ಟ್ರಮ್ಮ ತೀರಿಕೊಂಡ ಸುದ್ದಿಯನ್ನು ಪೇಪರಿನವರು ಒಳಪುಟದ ಮೂಲೆಯಲ್ಲಿ ಹಾಕಿದ್ದರು. ಮಂಡ್ಯದವರು, ಹಕ್ಕಿಜ್ವರದ ಮೇಲೆ ಸಂಶೋಧನೆ ಮಾಡಿದವರು, ಹಳ್ಳಿಯ ಹೆಣ್ಣುಮಕ್ಕಳಿಗೆ ತಾಯಿಯಂತಿದ್ದವರು ಎಂದು ಬರೆದಿದ್ದರು. ಮೊದಲ ಎರಡು ನಿಜ. ಮೂರನೆಯದನ್ನು ಬರೆದವನು ಅವರನ್ನು ಒಂದು ಸಲವೂ ನೋಡಿರಲಾರ.

ನಾನು ಮಂಡ್ಯಕ್ಕೆ ಹೋದೆ. ನೋಡಲು ಏನೂ ಇರಲಿಲ್ಲ. ದೇಹವನ್ನು ಮೆಡಿಕಲ್ ಕಾಲೇಜಿಗೆ ಮೊದಲೇ ಬರೆದುಕೊಟ್ಟಿದ್ದರಂತೆ, ಬೆಳಿಗ್ಗೆಯೇ ಸಾಗಿಸಿಬಿಟ್ಟಿದ್ದರು. ಕುರ್ಚಿಯ ಮೇಲೊಂದು ಫೋಟೋ, ಅದಕ್ಕೆ ಹಾರವೂ ಇಲ್ಲ. ಹಾರ ಹಾಕಬೇಡಿ ಎಂದು ಹೇಳಿ ಸತ್ತಿದ್ದರಂತೆ. ಅವರ ತಂಗಿ ಬಾಗಿಲಲ್ಲಿ ನಿಂತು, "ತಾವು?" ಎಂದರು.

"ಮದ್ದೂರು. ಕೋಳಿ ವ್ಯಾಪಾರ."

"ಓ, ನೀವಾ? ಅಕ್ಕ ನಿಮ್ಮ ಬಗ್ಗೆ ಹೇಳುತ್ತಿದ್ದಳು."

"ಏನಂತ?"

"ಮಾತು ಜಾಸ್ತಿ ಅಂತ."

ಸತ್ತ ಮನೆಯಲ್ಲಿ ನನಗೆ ನಗು ಬಂತು. ಬಸ್ಸಿನಲ್ಲಿ ವಾಪಸು ಬರುವಾಗ ಬರೆಯಬೇಕು ಅನ್ನಿಸಿತು. ಆ ಹೆಂಗಸಿಗೆ ತಾಯಿ ಅನ್ನುವ ಹೆಸರು ಅಂಟಿಕೊಂಡು ಉಳಿಯಬಾರದು. ಅವರಿಗೇ ಅದು ಹಿಡಿಸುತ್ತಿರಲಿಲ್ಲ.

ನನ್ನ ಕಥೆ ಚಿಕ್ಕದು. ಬೆಸಗರಹಳ್ಳಿ ಸುತ್ತ ನಾಟಿ ಕೋಳಿ ಕೊಂಡು, ಕಾಲು ಕಟ್ಟಿ, ಸೈಕಲ್ ಹ್ಯಾಂಡಲಿಗೆ ತಲೆಕೆಳಗು ಮಾಡಿ ನೇತುಹಾಕಿಕೊಂಡು ಮದ್ದೂರಿನ ಹೋಟೆಲುಗಳಿಗೆ ಹಾಕುತ್ತಿದ್ದವನು ನಾನು. ಈಗ ಅಂಗಡಿ ಇದೆ, ವ್ಯಾನುಗಳಿವೆ. ನನಗೆ ಯಾರೂ ಕಲಿಸಲಿಲ್ಲ, ಅದಕ್ಕೇ ಸಿಕ್ಕವರಿಗೆಲ್ಲ ಕಲಿಸುತ್ತೇನೆ. ಕೇಳುವವರು ಕೇಳುತ್ತಾರೆ, ಉಳಿದವರು ನಷ್ಟ ಮಾಡಿಕೊಳ್ಳುತ್ತಾರೆ. ಡಾಕ್ಟ್ರಮ್ಮ ಒಂದು ಸಲ ಕೇಳಿದರು. ಅದನ್ನು ಆಮೇಲೆ ಹೇಳುತ್ತೇನೆ.

ಅವರು ಮೊದಲು ಬಂದದ್ದು ಒಂದು ಚಳಿಗಾಲದ ಬೆಳಿಗ್ಗೆ. ಬೇರೆ ಯಾವುದೋ ರಾಜ್ಯದಲ್ಲಿ ಹಕ್ಕಿಜ್ವರ ಎಂದು ಟೀವಿಯಲ್ಲಿ ಬಡಿದುಕೊಳ್ಳುತ್ತಿದ್ದರು. ಜನ ನನ್ನ ಅಂಗಡಿ ದಾಟಿ ಮೀನಿನವನ ಮುಂದೆ ಸಾಲು ನಿಲ್ಲುತ್ತಿದ್ದರು. ಸರ್ಕಾರಿ ಜೀಪಿನಿಂದ ಒಬ್ಬ ಕುಳ್ಳ ಹೆಂಗಸು ಇಳಿದರು. ಕಬ್ಬು ಕಡಿಯುವ ಹೆಂಗಸರ ಹಾಗೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರಟು, ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು.

"ನಿಮ್ಮ ಕೋಳಿಗಳ ಗಂಟಲಿಗೂ ಹಿಂಭಾಗಕ್ಕೂ ಹತ್ತಿಕಡ್ಡಿ ಹಾಕಿ ನೋಡಬೇಕು."

"ನೋಡಿ. ನಂಗೇನ್ ಸಿಗ್ತದೆ?"

"ಏನೂ ಇಲ್ಲ. ಕಾಯಿಲೆ ಇದ್ದರೆ ಅಂಗಡಿ ಮುಚ್ಚಿಸುತ್ತೇನೆ. ಇಲ್ಲದಿದ್ದರೆ ಫೋನು ಕೂಡ ಮಾಡುವುದಿಲ್ಲ."

"ಅಂದ್ರೆ ಫೋನ್ ಬರ್ನಿಲ್ಲ ಅಂದ್ರೆ ಕೋಳಿ ಚೆನ್ನಾಗವೆ ಅಂತ."

"ಅಂತಲ್ಲ. ಫೋನು ಬರಲಿಲ್ಲ ಅಂತ. ಅಷ್ಟೇ."

ನಾನು ಒಂದು ಷರತ್ತು ಹಾಕಿದೆ. ಜೀಪನ್ನು ಹೈವೇ ಕಡೆಗೆ, ಸರ್ಕಾರದ ಅಕ್ಷರ ಕಾಣುವ ಹಾಗೆ ನಿಲ್ಲಿಸಬೇಕು. ಸರ್ಕಾರದವರೇ ಬಂದು ಪರೀಕ್ಷೆ ಮಾಡಿದ ಅಂಗಡಿ ಎಂದು ಜನ ನೋಡಲಿ ಎಂಬ ಲೆಕ್ಕ ನನ್ನದು. ಅವರು ಒಪ್ಪಿದರು. ಜೀಪು ನೋಡಿ ಒಬ್ಬ ಗಿರಾಕಿ ನಿಂತೂ ನಿಂತ.

"ಏನವ್ವ, ಈ ಅಂಗ್ಡಿ ಕೋಳಿ ತಿನ್‌ಬೌದಾ?"

"ಚೆನ್ನಾಗಿ ಬೇಯಿಸಿದರೆ ಯಾವುದನ್ನಾದರೂ ತಿನ್ನಬಹುದು. ಈ ಅಂಗಡಿಯವಕ್ಕೆ ಕಾಯಿಲೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ."

ಅವನು ಬಂದ ದಾರಿಯಲ್ಲೇ ಹೊರಟ. ಆಮೇಲೆ ನಿಂತವರಿಗೆಲ್ಲ ಅದೇ ಉತ್ತರ, ಅದೇ ದನಿ. ವ್ಯಾಪಾರಕ್ಕೆ ಇಳಿಯುವವರಿಗೆ ಹೇಳುತ್ತೇನೆ: ದೊಡ್ಡವರನ್ನು ಅಂಗಡಿ ಮುಂದೆ ನಿಲ್ಲಿಸುವ ಮೊದಲು ಅವರ ನಾಲಿಗೆ ಎಂಥದ್ದೆಂದು ವಿಚಾರಿಸಿಕೊಳ್ಳಿ.

ಅವರಿಗೆ ಹಕ್ಕಿಗಳ ರಕ್ತದಷ್ಟೇ ಮನುಷ್ಯರ ರಕ್ತವೂ ಬೇಕಿತ್ತು. ನನ್ನ ಅಂಗಡಿಯಲ್ಲಿ ಕೋಳಿ ಕೊಯ್ಯುವ ಚಿಕ್ಕಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ ತೋಳಿಗೆ ರಬ್ಬರು ಬಿಗಿದರು.

"ನನ್ ರಕ್ತ ಯಾಕವ್ವ? ನಾನೇನ್ ಕೋಳಿನಾ?"

"ಕೋಳಿಯಿಂದ ಮನುಷ್ಯನಿಗೆ ಕಾಯಿಲೆ ದಾಟುವುದಾದರೆ ನಿನ್ನಂಥವನ ಕೈ ಮೇಲೆಯೇ ದಾಟಬೇಕು. ದಾಟಿದ್ದರೆ ರಕ್ತದಲ್ಲಿ ಗುರುತು ಇರುತ್ತೆ."

"ದಾಟಿದ್ರೆ ಏನಾಯ್ತದೆ?"

"ಎಷ್ಟೋ ಜನ ಸಾಯುತ್ತಾರೆ. ನೀನು ಇನ್ನೂ ಕೂತಿದ್ದೀಯ, ಒಳ್ಳೆಯದು. ಮುಷ್ಟಿ ಬಿಗಿ ಮಾಡು."

ಚಿಕ್ಕಣ್ಣ ಸ್ಟೂಲಿನಿಂದ ಉರುಳಿಬಿದ್ದ. ಅವರು ಅವನನ್ನು ಎತ್ತಲಿಲ್ಲ. ನೆಲದ ಮೇಲೆ ಬಿದ್ದವನ ತೋಳಿನಿಂದಲೇ ರಕ್ತ ಎಳೆದುಕೊಂಡರು. "ಈಗ ಅಲುಗಾಡಲ್ಲ, ಸುಲಭ," ಅಂದರು ನನ್ನ ಕಡೆ ತಿರುಗಿ.

ಯಾರ ಮನೆಯಲ್ಲೂ ಕಾಫಿ ಕುಡಿಯುತ್ತಿರಲಿಲ್ಲ. ಮೊಳಕೈವರೆಗೆ ಸೋಪು ಹಾಕಿ, ಕಾಲ ಬುಡದ ಮಣ್ಣು ಕೆಸರಾಗುವವರೆಗೆ ಕೈ ತೊಳೆಯುತ್ತಿದ್ದರು. ಮಳವಳ್ಳಿ ರಸ್ತೆಯ ಮಿಲಿಟರಿ ಹೋಟೆಲಿನಲ್ಲಿ ಮುದ್ದೆ ಮುರಿದು ನಾಟಿ ಕೋಳಿ ಸಾರಿಗೆ ಅದ್ದಿ ನುಂಗುವುದನ್ನು ನೋಡಿದರೆ ಬೆಳಗಿನಿಂದ ಕೋಳಿಗಳ ಹಿಂಭಾಗ ಬಗೆದು ಬಂದ ಹೆಂಗಸು ಎಂದು ಯಾರೂ ಹೇಳುತ್ತಿರಲಿಲ್ಲ. ಅವರ ಕೈಕೆಳಗೆ ಕಲಿಯಲು ಬಂದಿದ್ದ ಒಬ್ಬ ಹುಡುಗಿ, ಒಂದು ಫಾರಮ್ಮಿನಲ್ಲಿ ಬೇರೆ ಯಾವುದೋ ರೋಗಕ್ಕೆ ಸಾಲಾಗಿ ಸತ್ತುಬಿದ್ದ ಕೋಳಿಗಳನ್ನು ಕಂಡು ಅತ್ತಳು. "ಅಳಬೇಡ, ಮಾಸ್ಕು ಒದ್ದೆಯಾಗುತ್ತೆ. ಒದ್ದೆ ಮಾಸ್ಕು ಕೆಲಸಕ್ಕೆ ಬರಲ್ಲ," ಅಂದರು. ಆ ಹುಡುಗಿ ಆ ತಿಂಗಳೇ ಬೇರೆ ಕಡೆ ಹೋದಳು. "ಹೋಗಲಿ, ಇಲ್ಲಿದ್ದರೂ ಅವಳ ಅರ್ಧ ಹೊತ್ತು ಕಣ್ಣು ಒರೆಸಿಕೊಳ್ಳೋದಕ್ಕೇ ಆಗ್ತಿತ್ತು."

ಇನ್ನು ಅವರು ನನ್ನ ಸಲಹೆ ಕೇಳಿದ ವಿಷಯ.

ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೆ ಹೊರದೇಶದ ಬಾತುಗಳು ಬಂದಿಳಿಯುತ್ತವೆ. ಊರ ಕೋಳಿಗಳೂ ಅದೇ ನೀರಿನ ಅಂಚಿನಲ್ಲಿ ಕೆದಕುತ್ತವೆ. ಅಲ್ಲಿಂದ ಕಾಯಿಲೆ ಯಾವಾಗ, ಯಾವ ದಾರಿಯಲ್ಲಿ ಹಿತ್ತಲಿಗೆ ಬರುತ್ತದೆ, ಹಿತ್ತಲಿನಿಂದ ಮನೆಯವರಿಗೆ ಬರುತ್ತದೆಯೇ, ಇದು ಅವರ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ದಾರಿ ಇದು: ಕಾಯಿಲೆಯ ಸೋಂಕೇ ಇಲ್ಲ ಎಂದು ರಕ್ತ ನೋಡಿ ಖಾತ್ರಿ ಮಾಡಿಕೊಂಡ ಕೋಳಿಗಳನ್ನು, ಕಾಲಿಗೆ ನೀಲಿ ಪ್ಲಾಸ್ಟಿಕ್ ಉಂಗುರ ಹಾಕಿ, ಹಳ್ಳಿಯ ಮನೆಗಳಲ್ಲಿ ಬಿಡುವುದು. ಆಗಾಗ ಬಂದು ಪರೀಕ್ಷೆ ಮಾಡುವುದು. ಅವಕ್ಕೆ ಕಾವಲು ಕೋಳಿ ಎಂದು ಹೆಸರಿಟ್ಟಿದ್ದರು.

"ಕಾವಲು ಅಂದ್ರೆ ಏನ್ ಮಾಡ್ತವೆ?" ಎಂದು ಕೇಳಿದೆ.

"ಸಾಯುತ್ತವೆ. ಅದೇ ಅವುಗಳ ಕೆಲಸ."

ಆದರೆ ಒಂದು ಮನೆಯವರೂ ಕೋಳಿ ಇಳಿಸಿಕೊಳ್ಳಲಿಲ್ಲ. ಬಿಟ್ಟಿ ಕೊಡುತ್ತೇನೆ ಅಂದರೂ ಬೇಡ. ಸರ್ಕಾರ ಬಿಟ್ಟಿ ಕೊಟ್ಟ ಕೋಳಿಯ ಹಿಂದೆ ಏನೋ ಇದೆ ಎಂದು ಹೆಂಗಸರು ಬಾಗಿಲು ಹಾಕಿಕೊಂಡರು. ಡಾಕ್ಟ್ರಮ್ಮ ನನ್ನ ಅಂಗಡಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ಇರಬೇಕು, "ಏನು ಮಾಡಲಿ?" ಅಂದರು.

"ಬಿಟ್ಟಿ ಕೊಡಬ್ಯಾಡಿ. ಪಾಲಿಗೆ ಕೊಡಿ."

ನಮ್ಮ ಹಳ್ಳಿಗಳಲ್ಲಿ ಕೋಳಿಯನ್ನು ಪಾಲಿಗೆ ಸಾಕುವುದು ಹಿಂದಿನಿಂದಲೂ ಇದೆ. ಮೊಟ್ಟೆಯಿಡುವ ಹ್ಯಾಟೆ ಒಬ್ಬರದು, ಸಾಕುವವರು ಇನ್ನೊಬ್ಬರು, ಮರಿಯಾದರೆ ಇಬ್ಬರಿಗೂ ಸಮಪಾಲು. ಹ್ಯಾಟೆ ಮಾತ್ರ ಕೊಟ್ಟವರದೇ, ಯಾವತ್ತು ಕೇಳಿದರೂ ಜೀವಂತ ಹಿಂದಿರುಗಿಸಬೇಕು. ಡಾಕ್ಟ್ರಮ್ಮ ಹಾಗೇ ಮಾಡಿದರು, ಕೋಳಿಗಳೆಲ್ಲ ಹೋದವು. ಹಂಚುವಾಗ ಪ್ರತಿ ಮನೆಯಲ್ಲೂ ಒಂದೇ ಮಾತು ಹೇಳಿದರು: "ಸತ್ತರೆ ಸತ್ತದ್ದನ್ನೇ ಕೊಡಿ. ನನಗೆ ಬೇಕಾಗಿರೋದು ಅದೇ." ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಎಂಥ ದೊಡ್ಡ ಮನಸ್ಸು ಅಂದುಕೊಂಡರು.

ಆ ಚಳಿಗಾಲದಲ್ಲಿ ಒಂದು ಕಾವಲು ಕೋಳಿಯೂ ಸಾಯಲಿಲ್ಲ. ನಾಯಿ ಹಿಡಿಯಲಿಲ್ಲ, ಹದ್ದು ಒಯ್ಯಲಿಲ್ಲ, ಬೈಕಿಗೆ ಸಿಕ್ಕಲಿಲ್ಲ. ಈ ಸೀಮೆಗೆ ಕಾಯಿಲೆ ಕಾಲಿಟ್ಟಿಲ್ಲ ಎಂದು ಡಾಕ್ಟ್ರಮ್ಮ ಮೇಲಿನವರಿಗೆ ವರದಿ ಬರೆದರು.

ಹಲಗೂರಿನಿಂದ ಒಳಕ್ಕೆ ಒಂದು ಹಳ್ಳಿ. ಹೆಸರು ಬೇಡ, ಪಾಪ, ಹೆಣ್ಣು ಕೊಟ್ಟು ತರುವ ಊರು. ಅಲ್ಲಿ ನಿಂಗಮ್ಮ ಎಂದೊಬ್ಬಳಿದ್ದಳು. ಗಂಡ ಇಲ್ಲ, ಮಗಳನ್ನು ಬೆಸಗರಹಳ್ಳಿ ಕಡೆ ಕೊಟ್ಟಿದ್ದಳು. ಕೋಳಿಯೇ ಬದುಕು. ಅವಳ ಕೈಗುಣದ ಬಗ್ಗೆ ಊರಿಗೆ ಊರೇ ಹೇಳುತ್ತಿತ್ತು. ಯಾರ ಮನೆಯ ಕೋಳಿ ಕಾವು ಕೂತರೂ ಬುಟ್ಟಿಗೆ ಮೊಟ್ಟೆ ಇಡಲು ನಿಂಗಮ್ಮನೇ ಬರಬೇಕು. ಅವಳು ಇಟ್ಟ ಮೊಟ್ಟೆ ಹಾಳಾಗುವುದಿಲ್ಲ ಎಂಬ ನಂಬಿಕೆ. ಹೊಸದಾಗಿ ಬಂದ ಸೊಸೆಯರು ಎಲೆಅಡಿಕೆ ಹಿಡಿದು ಕರೆಯಲು ಬರುತ್ತಿದ್ದರು. ಮದುವೆ ಮನೆಯಲ್ಲಿ ಗಂಡನಿಲ್ಲದವಳು ಎಂದು ಹಿಂದೆ ಕೂರಿಸಿದರೂ ಕಾವಿಗೆ ಮೊಟ್ಟೆ ಇಡುವಾಗ ಅವಳಿಗೇ ಮಣೆ. ಆ ಒಂದು ಮರ್ಯಾದೆ ಬಿಟ್ಟರೆ ಅವಳಿಗೆ ಬೇರೆ ಆಸ್ತಿ ಇರಲಿಲ್ಲ.

ಡಾಕ್ಟ್ರಮ್ಮನ ಜೀಪು ಅವಳ ಮನೆಗೆ ಹೋದ ದಿನ ನಾನೂ ಇದ್ದೆ, ಕೋಳಿ ಕೊಳ್ಳಲು. ನಿಂಗಮ್ಮ ಕವುಚಿದ್ದ ಮಂಕರಿ ಬುಟ್ಟಿ ಎತ್ತಿ ನೀಲಿ ಉಂಗುರದ ಹ್ಯಾಟೆಯನ್ನು ತೆಗೆದುಕೊಟ್ಟಳು. ಕೋಳಿ ಮಂಕಾಗಿತ್ತು, ಜುಟ್ಟು ನೇರಳೆಗೆ ತಿರುಗಿತ್ತು. ಡಾಕ್ಟ್ರಮ್ಮ ಜುಟ್ಟು ನೋಡಿದರು, ರೆಕ್ಕೆ ಬಿಡಿಸಿ ನೋಡಿದರು, ಆಮೇಲೆ ಕಾಲಿನ ಮೇಲೆ ಬೆರಳಾಡಿಸಿದರು.

"ಇದು ನನ್ನ ಕೋಳಿ ಅಲ್ಲ."

"ನಿಮ್ದೇ ಕಣವ್ವ, ಉಂಗ್ರ ನೋಡಿ."

"ಉಂಗುರ ನನ್ನದು. ಕೋಳಿ ಯಾರದು? ನಾನು ಕೊಟ್ಟದ್ದು ವರ್ಷ ತುಂಬಿದ ಹ್ಯಾಟೆ. ಇದು ಎಳೆಯದು, ಕಾಲಿನ ಹುರುಪೆ ನುಣ್ಣಗಿದೆ. ರೆಕ್ಕೆಯಲ್ಲಿ ಸೂಜಿ ಚುಚ್ಚಿದ ಒಂದು ಗುರುತೂ ಇಲ್ಲ."

ನಿಂಗಮ್ಮ ನೆಲ ನೋಡಿದಳು. ಬಾಯಿ ಬಿಡಿಸಲು ನಾನು ಹೇಳಬೇಕಾಯಿತು. "ಏಳ್ಬುಡು ಕಣಮ್ಮ, ಅದೇನಾಗೋಯ್ತು ಈಗ."

"ನಿಮ್ದನ್ನ ಮುಂಗ್ಸಿ ಕತ್ತು ಕಚ್ಚಾಕ್ಬುಡ್ತು ಕಣವ್ವ. ನೀವು ಬರಾ ಒತ್ಗೆ ಇರ್ಬೇಕಲ್ಲ ಅಂತ ಸಂತೆಗೋಗಿ ಅದ್ರಂಗೇ ಇರಾದು ಉಡ್ಕಿ ತಂದೆ. ಬಣ್ಣ ಸಿಗಾಕೇ ಸಾಕಾಗೋಯ್ತು. ನಿಮ್ ಸೊತ್ತು ನಾನು ತಿಂದಿಲ್ಲ ಕಣವ್ವ, ಆಣೆಗೂ ತಿಂದಿಲ್ಲ."

"ಸತ್ತರೆ ಸತ್ತದ್ದನ್ನೇ ಕೊಡಿ ಅಂತ ಹೇಳಿರಲಿಲ್ಲವಾ?"

"ಏಳಿದ್ರಿ. ದೊಡ್ಡೋರು ಅಂಗೇ ಅನ್ನಾದು. ಅಂಗಂತ ನಾವು ಸತ್ತೋಗಿದ್ನ ಕೈಗೆ ಕೊಡಾಕಾಯ್ತದಾ? ಮಾರಿಗುಡಿ ಬೀದಿಯೋರೂ ಯಾರೂ ಕೊಟ್ಟಿಲ್ಲ. ಎಲ್ರೂ ತಂದೇ ಇಟ್ಟವ್ರೆ."

ಡಾಕ್ಟ್ರಮ್ಮ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತರು. ಅವರು ನಗುವುದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ನೋಡುವಂಥದ್ದಾಗಿರಲಿಲ್ಲ.

"ಕೇಳಿದಿರಾ ವ್ಯಾಪಾರಿಗಳೇ? ಇಡೀ ಚಳಿಗಾಲ ನಾನು ಪರೀಕ್ಷೆ ಮಾಡಿದ್ದು ವೈರಸ್ಸನ್ನಲ್ಲ. ಇವರ ಮರ್ಯಾದೆಯನ್ನ."

ಎದ್ದರು. ಸತ್ತ ಹ್ಯಾಟೆಯನ್ನು ಹೂತಿದ್ದ ಜಾಗವನ್ನು ನಿಂಗಮ್ಮನ ಕೈಯಿಂದಲೇ ಅಗೆಸಿದರು. ಮುರಿದ ಕತ್ತಿನ ಮೂಳೆ, ಪುಕ್ಕ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡರು. ಮಂಕಾದ ಕೋಳಿಯ ಗಂಟಲಿಗೆ ಕಡ್ಡಿ ಹಾಕಿದರು. ಆಮೇಲೆ ಬೀದಿಬೀದಿ ಸುತ್ತಿ ಉಂಗುರ ಅದೇ ಇದ್ದು ಬದಲಾಗಿದ್ದ ಕೋಳಿಗಳನ್ನೆಲ್ಲ ಗುರುತಿಸಿದರು. ಹೆಂಗಸರು ಒಬ್ಬೊಬ್ಬರೇ ಒಪ್ಪಿಕೊಂಡರು, ಎಲ್ಲರದೂ ಅದೇ ಉತ್ತರ. ಮೋಸ ಮಾಡಬಾರದೆಂದು ಊರೇ ಸೇರಿ ಮಾಡಿದ ಕೆಲಸ ಅದು.

ಪಾಲಿಗೆ ಕೊಡಿ ಎಂದ ನನ್ನ ಸಲಹೆ ತಪ್ಪೆಂದು ಡಾಕ್ಟ್ರಮ್ಮ ಆಮೇಲೆ ಎಷ್ಟೋ ಸಲ ಅಂದರು. ಇವತ್ತಿಗೂ ನಾನು ಒಪ್ಪುವುದಿಲ್ಲ. ಜನ ಇಟ್ಟುಕೊಳ್ಳುವಂತೆ ಕೊಡುವುದು ಹೇಗೆಂದು ಕೇಳಿದ್ದರು, ಅದನ್ನು ಹೇಳಿದ್ದೆ.

ನಿಂಗಮ್ಮನ ಮನೆಯ ಆ ಕೋಳಿಯಲ್ಲಿ ಕಾಯಿಲೆ ಇತ್ತು. ಹಕ್ಕಿಜ್ವರವೇ.

ಬಿಳಿ ಉಡುಪಿನವರು ಬಂದರು. ಸುತ್ತಿನ ಎಲ್ಲ ಕೋಳಿಯನ್ನೂ ಕೊಲ್ಲಬೇಕು, ಅದು ಕಾನೂನು. ಆದರೆ ಬಯಲಲ್ಲಿ ಮೇಯುವ ನಾಟಿ ಕೋಳಿಯನ್ನು ಹಿಡಿಯುವುದು ಫಾರಂ ಕೋಳಿ ಹಿಡಿದಂತಲ್ಲ. ಬೇಲಿ ಹಾರುತ್ತವೆ, ಮರ ಹತ್ತುತ್ತವೆ. ಬಿಸಿಲಲ್ಲಿ ಆ ಪ್ಲಾಸ್ಟಿಕ್ ಉಡುಪಿನಲ್ಲಿ ಅವರು ಬಿದ್ದೆದ್ದು ಓಡುವುದನ್ನು ಊರಿನ ಗಂಡಸರು ಕಟ್ಟೆಯ ಮೇಲೆ ಕೂತು ನೋಡಿ, "ಇಡೀಲಾ, ಇಡೀಲಾ, ಪ್ಯಾಂಟ್ ಬಿದ್ದೋಯ್ತದೆ ನೋಡ್ಕ," ಎಂದು ಕೇಕೆ ಹಾಕುತ್ತಿದ್ದರು. ಡಾಕ್ಟ್ರಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಿಂಗಮ್ಮನ ಮನೆ ಬಾಗಿಲಿಗೆ ಹೋದರು.

"ನೀನು ಕರೆದರೆ ಬರುತ್ತವಾ?"

"ಬತ್ತವೆ."

"ಕರಿ."

ನಿಂಗಮ್ಮ ಮೊರದಲ್ಲಿ ರಾಗಿ ಹಿಡಿದು ಬೀದಿಗೆ ಬಂದು, "ಬಾ ಬಾ ಬಾ ಬಾ," ಎಂದಳು. ಅವಳ ಕೋಳಿಗಳು ಬಂದವು. ಅಕ್ಕಪಕ್ಕದ ಮನೆಯವೂ ಬಂದವು, ಹಿಂದಿನ ಬೀದಿಯವೂ ಬಂದವು. ಮೊಟ್ಟೆಯಿಂದ ಅವಳ ದನಿ ಕೇಳಿ ಬೆಳೆದವಲ್ಲವೇ. ರಾಗಿ ಕುಕ್ಕುತ್ತಿದ್ದ ಒಂದೊಂದನ್ನೂ ಅವಳೇ ಎತ್ತಿ ಕೊಟ್ಟಳು, ಬಿಳಿ ಉಡುಪಿನವನು ಕತ್ತು ತಿರುವಿ ಚೀಲಕ್ಕೆ ಹಾಕಿದ. ಕಟ್ಟೆಯ ಮೇಲಿನ ಕೇಕೆ ನಿಂತಿತ್ತು. ಕೊನೆಗೆ ಒಂದು ಹ್ಯಾಟೆ ಕಾವಿನಿಂದ ಎದ್ದು ಬಂತು, ಮೊಟ್ಟೆ ಬಿಟ್ಟು. ಅದನ್ನು ಕೊಡುವಾಗ ಮಾತ್ರ ನಿಂಗಮ್ಮ ಡಾಕ್ಟ್ರಮ್ಮನ ಮುಖ ನೋಡಿದಳು. "ಮೊಟ್ಟೆಯನ್ನೂ ತಗೊಂಡು ಬಾ," ಅಂದರು ಡಾಕ್ಟ್ರಮ್ಮ.

ಮಾರನೆಯ ದಿನ ನಿಂಗಮ್ಮನಿಗೆ ಜ್ವರ ಬಂತು. ಮಂಡ್ಯದ ಆಸ್ಪತ್ರೆಯಲ್ಲಿ ಒಂದು ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಮಾತ್ರೆ ಕೊಟ್ಟರು, ಗಂಟಲಿಗೆ ಕಡ್ಡಿ ಹಾಕಿದರು, ರಕ್ತ ತೆಗೆದರು. ಡಾಕ್ಟ್ರಮ್ಮ ದಿನಾ ಹೋಗುತ್ತಿದ್ದರು. ಅದನ್ನೇ ನೋಡಿ ತಾಯಿ ಎಂದು ಯಾರೋ ಅಂದಿರಬೇಕು. ನಾನು ಬಾಳೆಹಣ್ಣು ಹಿಡಿದು ಹೋದಾಗ ಅವರು ವಾರ್ಡಿನ ಹೊರಗೆ ಸಿಕ್ಕಿದರು, ಮುಖ ಸಪ್ಪಗಿತ್ತು.

"ಏನಾಯ್ತವ್ವ?"

"ಏನೂ ಇಲ್ಲ ಅವಳಿಗೆ. ಬರೀ ಜ್ವರ."

"ಒಳ್ಳೇದಾಯ್ತಲ್ಲ!"

"ಹೂಂ. ಒಳ್ಳೆಯದೇ." ಕೈಗೆ ಬಂದ ದೊಡ್ಡ ಗಿರಾಕಿ ಬಾಗಿಲಿನಿಂದ ವಾಪಸು ಹೋದಾಗ ನನ್ನ ಮುಖವೂ ಹಾಗೇ ಇರುತ್ತದೆ, ಹಾಗಾಗಿ ನನಗೆ ಅರ್ಥವಾಯಿತು. "ಆದರೂ ಸ್ವಲ್ಪ ದಿನ ಬಿಟ್ಟು ಇನ್ನೊಂದು ಸಲ ರಕ್ತ ಬೇಕು. ಮೈಗೆ ತಗುಲಿ ಹೋಗಿದ್ದರೆ ಗುರುತು ನಿಧಾನವಾಗಿ ಏಳುತ್ತೆ. ಮೊದಲಿನದರ ಪಕ್ಕ ಇಟ್ಟು ನೋಡಬೇಕು." ನಿಂಗಮ್ಮನನ್ನು ಕೇಳಿದ್ದರು, ಅವಳು ಆಗಲಿ ಅಂದಿದ್ದಳು.

ನಿಂಗಮ್ಮ ಊರಿಗೆ ಮರಳಿದಾಗ ಊರು ತಿರುಗಿ ಕೂತಿತ್ತು. ಡಾಕ್ಟ್ರಮ್ಮನ ಕೋಳಿಯಿಂದ ಕಾಯಿಲೆ ಬಂತು, ಅದನ್ನು ಮೊದಲು ಮನೆಗಿಳಿಸಿಕೊಂಡವಳು ನಿಂಗಮ್ಮ, ಕೊನೆಗೆ ಊರ ಕೋಳಿಯನ್ನೆಲ್ಲ ಕರೆದು ಕೊಲ್ಲಿಸಿದವಳೂ ಅವಳೇ, ಇದು ಊರಿನ ತೀರ್ಮಾನ. ತಾವೂ ಅದೇ ಕೋಳಿ ಇಳಿಸಿಕೊಂಡಿದ್ದನ್ನು ಎಲ್ಲರೂ ಮರೆತಿದ್ದರು. ಹೊಸ ಮರಿ ತಂದು ಸಾಕಲು ಸರ್ಕಾರ ಅಪ್ಪಣೆ ಕೊಟ್ಟಾಗ ಕಾವಿಗೆ ಮೊಟ್ಟೆ ಇಡಲು ಅವಳನ್ನು ಯಾರೂ ಕರೆಯಲಿಲ್ಲ. ತಾನೇ ಒಂದು ಮನೆಗೆ ಹೋದರೆ ಆ ಮನೆಯವಳು ಬುಟ್ಟಿಯ ಮೇಲೆ ಸೆರಗು ಮುಚ್ಚಿದಳಂತೆ.

ಇದನ್ನೆಲ್ಲ ಹೇಳಲು ಅವಳು ಬಸ್ಸು ಹತ್ತಿ ಮದ್ದೂರಿಗೆ ನನ್ನ ಅಂಗಡಿಗೆ ಬಂದಳು.

"ನೀನು ಮಾತಾಡೋನು ಕಣಪ್ಪ. ಡಾಕ್ಟ್ರಮ್ಮನ ಕೈಲಿ ಒಂದ್ ಮಾತು ಏಳ್ಸು. ಅವ್ರ ಕೋಳಿಯಿಂದ ಬರ್ನಿಲ್ಲ ಅಂತ ಊರ್ ಮುಂದೆ ಏಳ್ಬುಡ್ಲಿ. ನನ್ ಕೈ ಮ್ಯಾಲೆ ಬಂದಿರೋ ಮಾತು ಓಯ್ತದೆ."

ಅಷ್ಟೇ ಅವಳ ಬೇಡಿಕೆ. ನಾನು ಡಾಕ್ಟ್ರಮ್ಮನಿಗೆ ಫೋನು ಮಾಡಿದೆ. "ಗೊತ್ತಿಲ್ಲದೆ ಹೇಗೆ ಹೇಳಲಿ? ಕೋಳಿಯ ಸ್ಯಾಂಪಲ್ಲು ದೂರದ ದೊಡ್ಡ ಪ್ರಯೋಗಾಲಯಕ್ಕೆ ಹೋಗಿದೆ. ವೈರಸ್ಸನ್ನು ಅಕ್ಷರ ಅಕ್ಷರವಾಗಿ ಓದಿ ಯಾವುದಕ್ಕೆ ಹೋಲುತ್ತೆ ಅಂತ ಹೇಳುತ್ತಾರೆ. ಬಂದ ಮೇಲೆ ನೋಡೋಣ," ಅಂದರು. ವಾರಕ್ಕೊಮ್ಮೆ ಫೋನು ಮಾಡಿದೆ, ವಾರಕ್ಕೊಮ್ಮೆ ಅದೇ ಉತ್ತರ. ನಾನು ಬಿಡಲಿಲ್ಲ. ಪದೇ ಪದೇ ಕೇಳಿದರೆ ಕೊಡುತ್ತಾರೆ, ಅದು ನನ್ನ ಅನುಭವ.

ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು. "ಬಂದಿದೆ. ಊರಿಗೆ ಹೋಗುತ್ತಿದ್ದೇನೆ. ಮಳವಳ್ಳಿಯಲ್ಲಿ ಹತ್ತಿ."

ಜೀಪಿನಲ್ಲಿ ಹತ್ತಿ ಕೂತೆ. "ನಿಮ್ ಕೋಳಿಯಿಂದ ಬರ್ಲಿಲ್ಲ ತಾನೇ?"

"ಇಲ್ಲ. ಹೂತಿದ್ದ ಹ್ಯಾಟೆಯಲ್ಲಿ ಏನೂ ಇಲ್ಲ. ಅದನ್ನ ಕೊಂದದ್ದು ಮುಂಗುಸಿಯೇ."

ನನಗೆ ಅಷ್ಟು ಸಾಕಿತ್ತು. ಅವರು ಮುಂದುವರಿಸಿದರು. "ಕಾಯಿಲೆ ಬಂದದ್ದು ಅವಳು ಸಂತೆಯಿಂದ ತಂದದ್ದರಲ್ಲಿ. ಅದೇ ಸಂತೆಯ ಪಂಜರಗಳಿಂದ ನಾನು ಆಮೇಲೆ ಹೋಗಿ ತೆಗೆದಿದ್ದ ಸ್ಯಾಂಪಲ್ಲಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಬಾತುಗಳದ್ದೂ ಅಲ್ಲ, ನನ್ನದೂ ಅಲ್ಲ. ಊರಿಗೆ ತಂದವಳು ಅವಳು."

ನನ್ನ ಕಸುಬು ಚೌಕಾಸಿ. ಚೌಕಾಸಿಗೆ ಇಳಿದೆ.

"ಅರ್ಧ ಏಳಿ ಸಾಕು. ನನ್ನ ಕೋಳಿಯಿಂದ ಬರಲಿಲ್ಲ ಅನ್ನಿ, ನಿಲ್ಸಿ. ಅದೂ ನಿಜಾನೇ ಅಲ್ವಾ?"

"ಅರ್ಧ ಹೇಳುವುದಿಲ್ಲ."

"ಅವ್ಳ ಎಸ್ರು ಬುಟ್ಟು ಏಳಿ. ಸಂತೆಯಿಂದ ಬಂತು ಅನ್ನಿ."

"ಯಾರು ತಂದರು ಅಂತ ಕೇಳುತ್ತಾರೆ. ಕೇಳಿದರೆ ಹೇಳುತ್ತೇನೆ."

"ಹೋಗ್ಲಿ, ಇವತ್ತು ಬ್ಯಾಡ. ಒಂದೆರಡ್ ತಿಂಗ್ಳು ಬುಟ್ಟು ಏಳಿ. ಜನ ಮರ್ತಿರ್ತಾರೆ."

"ಈಗ ಮರಿ ಕೊಳ್ಳುವ ಕಾಲ. ಸಂತೆಯಿಂದ ತಂದ ಕೋಳಿಯನ್ನು ನೇರ ಹಿತ್ತಲಿಗೆ ಬಿಡಬಾರದು ಅಂತ ಇವತ್ತೇ ತಿಳಿಯಬೇಕು. ಕಣ್ಣೆದುರಿಗೆ ಒಬ್ಬಳು ಇದ್ದರೆ ನೆನಪಿರುತ್ತೆ. ಪೋಸ್ಟರ್ ಅಂಟಿಸಿದರೆ ಯಾರಿಗೂ ನೆನಪಿರಲ್ಲ." ಮತ್ತೆ ಅಂದರು, "ಕೇಳಿದವರು ನೀವು. ವಾರ ವಾರ ಕೇಳಿದಿರಿ."

ಇವತ್ತು ಆ ಸೀಮೆಯಲ್ಲಿ ಸಂತೆಯ ಕೋಳಿಯನ್ನು ಯಾರೂ ತಂದ ದಿನವೇ ಬಿಡುವುದಿಲ್ಲ. ಬೇರೆ ಮಂಕರಿಯಲ್ಲಿ ಕೂಡಿಹಾಕಿ, ಚೆನ್ನಾಗಿದೆ ಎಂದು ಕಂಡ ಮೇಲೆಯೇ ಬಿಡುತ್ತಾರೆ. ಸೊಸೆಯಂದಿರಿಗೆ ಅತ್ತೆಯರು, "ನಿಂಗಮ್ಮನಂಗೆ ಮಾಡ್ಬ್ಯಾಡ ಕಣೇ," ಎಂದು ಹೇಳಿಕೊಡುತ್ತಾರೆ. ಕಾಯಿಲೆ ಆ ಕಡೆ ಮತ್ತೆ ಬಂದಿಲ್ಲ. ಡಾಕ್ಟ್ರಮ್ಮನ ಲೆಕ್ಕ ಸರಿಯಾಗಿತ್ತು, ಒಪ್ಪುತ್ತೇನೆ. ಆದರೆ ಅವತ್ತು ಆ ಮಾತು ಹೇಳಿದಾಗ ನಿಂಗಮ್ಮ ಎದುರಿಗೆ ಕೂತಿದ್ದಳು.

ಡಾಕ್ಟ್ರಮ್ಮ ಹೇಳುವುದನ್ನು ಕೇಳಲು ತಾನೇ ಮನೆಮನೆಗೆ ಹೋಗಿ ಜನರನ್ನು ಕರೆದಿದ್ದಳು. ಒಗೆದ ಸೀರೆ ಉಟ್ಟು ಅರಳಿಕಟ್ಟೆಯ ಬುಡದಲ್ಲಿ, ಎಲ್ಲರಿಗಿಂತ ಮುಂದೆ ಕೂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು. ನಾನು ಬೇರೆ ಕಡೆ ನೋಡಿದೆ.

ಡಾಕ್ಟ್ರಮ್ಮ ಪೀಠಿಕೆ ಹಾಕಲಿಲ್ಲ. ತಮ್ಮ ಕೋಳಿಯಲ್ಲಿ ಕಾಯಿಲೆ ಇರಲಿಲ್ಲ ಅಂದರು. ನಿಂಗಮ್ಮ ತಿರುಗಿ ಹಿಂದಿನವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವಳು ನೋಡಿ ಮುಗಿಸುವ ಮೊದಲೇ ಉಳಿದದ್ದನ್ನೂ ಹೇಳಿ ಮುಗಿಸಿದ್ದರು. ಸಂತೆಯ ಕೋಳಿ, ಅದನ್ನು ಅವತ್ತೇ ಹಿತ್ತಲಿಗೆ ಬಿಟ್ಟದ್ದು, ಬಿಟ್ಟವಳು ಯಾರು ಎಂಬುದು.

ಯಾರೂ ಕೂಗಾಡಲಿಲ್ಲ. ಹಿಂದಿನಿಂದ ಒಬ್ಬಳು, "ನಾನ್ ಏಳ್ನಿಲ್ವಾ," ಅಂದಳು, ಅಷ್ಟೇ.

ನಿಂಗಮ್ಮ ಲೆಕ್ಕ ಹಾಕುವವಳಂತೆ ಬೆರಳು ಮಡಚಿದಳು. ಆಮೇಲೆ ಕೇಳಿದಳು. "ಅವತ್ತು ಮುಂಗ್ಸಿ ಕಚ್ಚಿದ್ದನ್ನೇ ನಿಮ್ ಕೈಗೆ ಕೊಟ್ಟಿದ್ರೆ ಆಗೋದಾ ಅವ್ವ?"

"ಆಗೋದು. ಮೊದಲ ದಿನವೇ ಹೇಳಿದ್ದೆ."

ಜನ ಎದ್ದು ಚದುರಿದರು. ಡಾಕ್ಟ್ರಮ್ಮ ಚೀಲದಿಂದ ಸೂಜಿ, ರಬ್ಬರು ತೆಗೆದರು. "ಎರಡನೇ ಸಲದ ರಕ್ತ ಬಾಕಿ ಇದೆ."

"ಇವತ್ ಬ್ಯಾಡ ಬುಡಿ ಅವ್ವ," ಅಂದೆ ನಾನು. ದನಿ ಏರಿತ್ತು ಅನ್ನಿಸುತ್ತದೆ.

"ತಗಳ್ಲಿ ಬುಡಪ್ಪ," ಅಂದಳು ನಿಂಗಮ್ಮ. "ಆಯ್ತು ಅಂದಿದ್ದೆ." ತೋಳು ಚಾಚಿ, ಹೇಳುವ ಮೊದಲೇ ಮುಷ್ಟಿ ಬಿಗಿ ಮಾಡಿದಳು.

ಡಾಕ್ಟ್ರಮ್ಮ ರಕ್ತ ತೆಗೆದುಕೊಂಡು, ಚುಚ್ಚಿದ ಜಾಗಕ್ಕೆ ಹತ್ತಿ ಇಟ್ಟು, "ಗಟ್ಟಿಯಾಗಿ ಒತ್ತಿ ಹಿಡ್ಕೊ," ಎಂದು ಹೇಳಿ ಜೀಪು ಹತ್ತಿದರು. ನನ್ನನ್ನು ಕರೆದರು. ನಾನು ಬಸ್ಸಿಗೆ ಬರುತ್ತೇನೆ ಅಂದೆ.

ಬಸ್ಸು ಸಂಜೆಗೆ. ಅಲ್ಲಿವರೆಗೂ ಕಟ್ಟೆಯ ಆ ಬದಿ ನಾನು, ಈ ಬದಿ ಅವಳು. ರಕ್ತ ಯಾವಾಗಲೋ ನಿಂತಿತ್ತು. ಅವಳು ಹತ್ತಿಯನ್ನು ಒತ್ತಿಯೇ ಹಿಡಿದಿದ್ದಳು. ಬಿಡಬಹುದು ಎಂದು ಡಾಕ್ಟ್ರಮ್ಮ ಹೇಳಿ ಹೋಗಿರಲಿಲ್ಲ.